ಪರದೆಯ ಮೇಲಿನ ಸಭೆಯಲ್ಲಿ ಚಹಾ ವಿರಾಮವಿಲ್ಲ

ಬೇರೆ ಬೇರೆ ದೇಶಗಳ ವೃತ್ತಿ ಮಾರ್ಗದರ್ಶಕರ ಸಮ್ಮೇಳನಗಳು ಆನ್‌ಲೈನ್‌ಗೆ ಬಂದಿದ್ದರಿಂದ ಪ್ರಯಾಣದ ಖರ್ಚು ಉಳಿಯಿತು ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ಮಾತನ್ನು ಒಪ್ಪುತ್ತೇನೆ. ಆದರೆ ಅದು ಲಾಭದ ಸಣ್ಣ ಪಾಲು ಮಾತ್ರ. ಯುರೋಪಿನಲ್ಲಿ 1992ರಿಂದ ಇರುವ ಯೂರೋಗೈಡೆನ್ಸ್‌ನಂಥ, ಹಲವು ದೇಶಗಳ ವೃತ್ತಿ ಮಾರ್ಗದರ್ಶನ ಕೇಂದ್ರಗಳನ್ನು ಬೆಸೆಯುವ ಜಾಲಗಳ ನಿಜವಾದ ಉಪಯೋಗ, ಒಂದು ದೇಶದ ಪ್ರಮಾಣಪತ್ರಕ್ಕೆ ಇನ್ನೊಂದರಲ್ಲಿ ಯಾವ ಬೆಲೆಯಿದೆ ಎಂಬುದನ್ನು ಅಲ್ಲಿಯವರನ್ನೇ ಕೇಳಿ ತಿಳಿಯುವುದರಲ್ಲಿದೆ. ಜರ್ಮನಿಯಲ್ಲಿ ಓದಬಯಸುವ ಭಾರತೀಯರು ವೀಸಾ ಅರ್ಜಿಯೊಂದಿಗೆ ಎಪಿಎಸ್ ಪ್ರಮಾಣಪತ್ರ (ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಪತ್ರ) ಸಲ್ಲಿಸುವುದು 2022ರ ನವೆಂಬರ್‌ನಿಂದ ಕಡ್ಡಾಯವಾದಾಗ, ಪದವಿ ಮುಗಿಸಿ ಬಂದವರಿಗೆ ಏನು ಹೇಳಬೇಕೆಂದು ತೋಚದೆ ಕುಳಿತಿದ್ದ ನನಗೆ ಅಲ್ಲಿನ ಮಾರ್ಗದರ್ಶಕರೊಬ್ಬರು ತಮ್ಮ ಪರದೆ ಹಂಚಿಕೊಂಡು, ವಿದೇಶಿ ವಿಶ್ವವಿದ್ಯಾಲಯಗಳಿಗೆ ಜರ್ಮನಿಯಲ್ಲಿರುವ ಮಾನ್ಯತೆಯನ್ನು ತಿಳಿಸುವ ಅನಾಬಿನ್ ದತ್ತಾಂಶಕೋಶದಲ್ಲಿ ನಮ್ಮ ವಿಶ್ವವಿದ್ಯಾಲಯವನ್ನು ಹುಡುಕಿ, ಅದರ ಮುಂದಿದ್ದ ‘ಎಚ್ ಪ್ಲಸ್’ ಗುರುತು ಮಾನ್ಯತೆಯನ್ನು ಸೂಚಿಸುತ್ತದೆಂದು ತೋರಿಸಿಕೊಟ್ಟರು.

ಇಂಥ ಪರಿಚಯ ನೂರಾರು ಜನರ ಜೂಮ್ ಸಭೆಯಲ್ಲಿ ಹುಟ್ಟುವುದಿಲ್ಲ, ಅಲ್ಲಿ ಎಲ್ಲರೂ ಮೈಕ್ ಮುಚ್ಚಿಕೊಂಡು ಸ್ಲೈಡ್ ನೋಡುತ್ತಿರುತ್ತಾರೆ (ನಾನೂ ಅಷ್ಟೇ). ನಾಲ್ಕೈದು ಜನರ ಚಿಕ್ಕ ಕೊಠಡಿಗಳಾಗಿ ಒಡೆದು, ಪ್ರತಿಯೊಬ್ಬರೂ ತಮ್ಮ ಬಳಿ ಬಂದ ಒಂದು ಪ್ರಕರಣವನ್ನು ಹೆಸರು ಹೇಳದೆ ಮುಂದಿಡುವ ಗೋಷ್ಠಿಗಳಲ್ಲೇ ನನಗೆ ಗೆಳೆಯರು ಸಿಕ್ಕಿದ್ದು. ಇನ್ನು ಸಮಯದ ಮಾತು: ಚಳಿಗಾಲದಲ್ಲಿ ಬರ್ಲಿನ್ನಿನ ಸಂಜೆ 5 ಗಂಟೆಯೆಂದರೆ ನಮಗೆ ರಾತ್ರಿ 9.30. ಸಂಘಟಕರು ಬೆಳಿಗ್ಗೆ 11ಕ್ಕೆ ಇಟ್ಟುಕೊಂಡರೆ ನಾವು ಮಧ್ಯಾಹ್ನ 3.30ಕ್ಕೆ ಕಚೇರಿಯಿಂದಲೇ ಸೇರಿಕೊಳ್ಳಬಹುದು.