ಕಂಬಳಿ ಕೊಟ್ಟರು, ಕಾಡು ಕೊಡಲಿಲ್ಲ

'ನನ್ನ ದೋಣಿ ತೀರ ಚಿಕ್ಕದು, ನಾನು ಮುದುಕ, ಈ ದೊಡ್ಡ ಕೆರೆ ದಾಟಿ ನಿಮ್ಮ ಹತ್ತಿರ ಬರಲಾರೆ. ಅದಕ್ಕೇ ಚಿಪ್ಪುಮಣಿಯ ಪಟ್ಟಿಯನ್ನೂ ಈ ಕಾಗದದ ಮಾತನ್ನೂ ಕಳಿಸುತ್ತಿದ್ದೇನೆ.' ಅಟ್ಲಾಂಟಿಕ್ ಸಾಗರವನ್ನೇ ಕೆರೆ ಎಂದ ಈ ಅರ್ಜಿ ಲಂಡನ್ನಿನ ವಸಾಹತು ಕಚೇರಿಗೆ ತಲುಪಿದ್ದು 1841ರ ಜನವರಿಯಲ್ಲಿ. ಕಳಿಸಿದವರು ಇಂದಿನ ಕೆನಡಾದ ನೋವಾ ಸ್ಕೋಷಿಯಾದ ಮೂಲನಿವಾಸಿಗಳಾದ ಮಿಕ್‌ಮಾಕ್ ಜನರ ಮುಖಂಡ ಲೂಯಿ ಬೆಂಜಮಿನ್ ಪೆಮಿನುಯಿಟ್ ಪಾಲ್. ಕಳಿಸಿದ್ದು 21 ವರ್ಷದ ವಿಕ್ಟೋರಿಯಾ ರಾಣಿಗೆ.

ಮೊದಲ ಓದಿಗೆ ನನ್ನನ್ನು ಹಿಡಿದಿದ್ದು ಆ ದೋಣಿ. ಎರಡನೆಯ ಓದಿಗೆ ಇನ್ನೊಂದು ಮಾತು ಚುಚ್ಚಿತು: 'ಈ ಕಾಡೆಲ್ಲ ನಮ್ಮ ಹಿರಿಯರದು, ಈಗ ಚಳಿಗಾಲದಲ್ಲಿ ಗುಡಿಸಲು ಬೆಚ್ಚಗಾಗಲು ಒಂದು ಮರ ಕಡಿಯಬೇಕಾದರೂ ಬಿಳಿಯರ ಮರ್ಜಿ ಕಾಯಬೇಕು.' ಬೇಡುವವನು ಭಿಕ್ಷುಕ, ಬೇಡಿಕೆ ಇಡುವವನು ಹಕ್ಕುದಾರ; ಕನ್ನಡದಲ್ಲಿ ಎರಡಕ್ಕೂ ಬೇರು ಒಂದೇ. ಪಾಲ್ ಇಟ್ಟಿದ್ದು ಬೇಡಿಕೆ, ಸರ್ಕಾರದ ಕಿವಿಗೆ ಬಿದ್ದಿದ್ದು ಬೇಡುವ ದನಿ. 18ನೆಯ ಶತಮಾನದಲ್ಲಿ ಬ್ರಿಟಿಷರೊಡನೆ ಮಾಡಿಕೊಂಡ ಸ್ನೇಹದ ಒಪ್ಪಂದಗಳಲ್ಲಿ ಮಿಕ್‌ಮಾಕ್ ಜನ ನೆಲ ಬಿಟ್ಟುಕೊಟ್ಟಿರಲೇ ಇಲ್ಲ.

ಉತ್ತರವೇನೋ ಬಂತು. 1842ರಲ್ಲಿ ಮಿಕ್‌ಮಾಕ್ ಜನರಿಗಾಗಿ ಕಾಯಿದೆಯಾಯಿತು, ಪತ್ರಿಕಾ ಸಂಪಾದಕ ಜೋಸೆಫ್ ಹೋವ್ ಅದನ್ನು ನಡೆಸುವ ಕಮಿಷನರ್ ಆದರು, ಮರುವರ್ಷವೇ ಬಿಟ್ಟರು. ಕಂಬಳಿ, ಕೋಟು, ಬಿತ್ತನೆಯ ಆಲೂಗಡ್ಡೆ ಹಂಚುವುದು. ಬೇಟೆ ಬಿಡಿಸಿ ಬೇಸಾಯಕ್ಕೆ ಹಚ್ಚುವುದು. ಎಲ್ಲಿ ಬಿತ್ತಬೇಕು? ನೋವಾ ಸ್ಕೋಷಿಯಾದ ಕೇಪ್ ಬ್ರೆಟನ್ ದ್ವೀಪದಲ್ಲಿ ಅವರಿಗೆಂದೇ ಮೀಸಲಿಟ್ಟ ಒಳ್ಳೆಯ ಜಮೀನಿನ ಮೇಲೆ ಸ್ಕಾಟ್ ವಲಸಿಗರು ಕೂತಿದ್ದರು. ತಮ್ಮೂರಿನಲ್ಲಿ ಜಮೀನ್ದಾರರಿಂದ ಒಕ್ಕಲೆಬ್ಬಿಸಿಕೊಂಡು ಬಂದವರು ಅವರಲ್ಲಿ ಎಷ್ಟೋ ಮಂದಿ. ಇಲ್ಲಿ ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುವುದಿಲ್ಲ. ಅವರನ್ನು ಎಬ್ಬಿಸುವ ಧೈರ್ಯ ಮಾಡದ ಸರ್ಕಾರದ ಮೇಲಂತೂ ಆಗುತ್ತದೆ.

ಸಿಕ್ಕಿದ ತುಂಡು ನೆಲದಲ್ಲಿ ನೆಟ್ಟ ಆಲೂಗಡ್ಡೆಯೂ 1840ರ ದಶಕದ ನಡುವಿನ ರೋಗಕ್ಕೆ ಕೊಳೆತುಹೋಯಿತು. 1847ರಲ್ಲಿ ಕಮಿಷನರ್ ಆಗಿದ್ದವರು ಅಬ್ರಹಾಂ ಗೆಸ್ನರ್. ಅದೇ, ನಮ್ಮ ಸೀಮೆಎಣ್ಣೆಯನ್ನು ಮೊದಲು ತೆಗೆದು ತೋರಿಸಿದ ಭೂವಿಜ್ಞಾನಿ. ಮಿಕ್‌ಮಾಕ್ ಜನರಲ್ಲಿ ಬಹುಪಾಲು ಮಂದಿ ಮನೆಮನೆಗೆ ತಿರುಪೆ ಎತ್ತುತ್ತಿದ್ದಾರೆ ಎಂದು ಅವರು ವರದಿ ಬರೆದರು. ಬುಟ್ಟಿ, ಕೊಡಲಿ ಕಾವು ಮಾರಿ ಬದುಕುತ್ತಿದ್ದವರನ್ನೂ ಸೇರಿಸಿ 'ಅಲೆಮಾರಿಗಳು' ಎಂಬ ಹಣೆಪಟ್ಟಿ ಬಿತ್ತು.

ಡೊನಾಲ್ಡ್ ಮಾರ್ಷಲ್ ಎಂಬ ಮಿಕ್‌ಮಾಕ್ ವ್ಯಕ್ತಿ 1993ರಲ್ಲಿ 463 ಪೌಂಡ್ ಹಾವುಮೀನು ಹಿಡಿದು 787 ಡಾಲರಿಗೆ ಮಾರಿದ್ದಕ್ಕೆ ಸರ್ಕಾರ ಮೊಕದ್ದಮೆ ಹೂಡಿತು. 1999ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಆಧಾರ, ಬ್ರಿಟಿಷರೊಡನೆ ಮಾಡಿಕೊಂಡ ಆ ಸ್ನೇಹದ ಒಪ್ಪಂದಗಳಲ್ಲಿ ಒಂದಾದ 1760–61ರ ಒಪ್ಪಂದ. ಮುದುಕ ಪಾಲ್ ಕಾಗದ ಕಳಿಸಿದಾಗ ಅದಕ್ಕೆ ಆಗಲೇ 80 ವರ್ಷವಾಗಿತ್ತು.