ಡಿಕಾಕ್ಷನ್ ಚೆಲ್ಲಿದ ಅಂಟಾರ್ಟಿಕಾ

ಹಳೇ ನಕ್ಷೆಗಳ ಮರುಮುದ್ರಣ ಅಂತ ಬೋರ್ಡು ಹಾಕ್ಕೊಂಡು ಆನ್‌ಲೈನಲ್ಲಿ ವ್ಯಾಪಾರ ಮಾಡ್ತಿರೋ ಮಹನೀಯರೇ, ನೀವು ಮಾರ್ತಿರೋದು ನಕ್ಷೇನಾ ಇಲ್ಲಾ ಕಂದು ಬಣ್ಣಾನಾ?

ಗೋಡೆಗೆ ಹಾಕೋಣ ಅಂತ ಅಂಟಾರ್ಟಿಕಾದ ದೊಡ್ಡ ನಕ್ಷೆಯೊಂದನ್ನು ತರಿಸಿದೆ. ನಾರ್ವೆಯ ಅಮುಂಡ್ಸೆನ್ ಮತ್ತು ಬ್ರಿಟನ್ನಿನ ಸ್ಕಾಟ್ ದಕ್ಷಿಣ ಧ್ರುವಕ್ಕೆ ಹೋದ ದಾರಿಗಳು ಇರುವಂಥದ್ದು. ‘1912ರ ಅಪರೂಪದ ನಕ್ಷೆ, ಮೂಲದಲ್ಲಿದ್ದಂತೆಯೇ’ ಅಂತ ಬರೆದಿದ್ದರು. ಮೂರು ಸಾವಿರ ಚಿಲ್ಲರೆ ಎಣಿಸಿದ್ದಾಯ್ತು. ಬಿಚ್ಚಿ ಟೇಬಲ್ ಮೇಲೆ ಹಾಸಿದರೆ ಕಣ್ಣಿಗೆ ಮೊದಲು ಬಿದ್ದದ್ದು ಕಲೆ. ಸುತ್ತಲೂ ಸುಟ್ಟ ಅಂಚು, ನಡುನಡುವೆ ಡಿಕಾಕ್ಷನ್ ಚೆಲ್ಲಿದಂಥ ಗುರುತು, ಉದ್ದಕ್ಕೂ ಅಡ್ಡಕ್ಕೂ ಮಡಿಕೆಯ ಗೆರೆ. ಬೆರಳಾಡಿಸಿದೆ, ನುಣ್ಣಗಿದೆ! ಮಡಿಕೆಯನ್ನೂ ಪ್ರಿಂಟ್ ಮಾಡಿದ್ದಾರೆ ಪುಣ್ಯಾತ್ಮರು. ಹೊಸ ತವಾಕ್ಕೆ ಮಸಿ ಬಳಿದು ಅಜ್ಜಿ ಕಾಲದ್ದು ಅಂತ ಮಾರೋದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಆ ಕಾಲದವರು ನಕ್ಷೆಯನ್ನು ಕಂದು ಬಣ್ಣದಲ್ಲಿ ಅಚ್ಚು ಹಾಕ್ತಿರಲಿಲ್ಲ ಸ್ವಾಮಿ. ಮರದ ತಿರುಳಿನ ಅಗ್ಗದ ಕಾಗದ ಕಾಲಕ್ರಮೇಣ ಹಳದಿ ತಿರುಗುತ್ತೆ, ಅಷ್ಟೆ. ಅಂಟಾರ್ಟಿಕಾ ನಕ್ಷೆಯ ಸೊಗಸೇ ಅದರ ಬಿಳಿ ಜಾಗ. ಯಾರೂ ಕಾಲಿಡದ ಕಡೆ ಏನನ್ನೂ ಬರೆಯದೆ ಖಾಲಿ ಬಿಟ್ಟಿರ್ತಿದ್ದರು. ಇವರು ಆ ಖಾಲಿ ಜಾಗಕ್ಕೆ ಒಂದು ಹಡಗು, ಒಂದು ತಿಮಿಂಗಿಲ, ಜೊತೆಗೆ ಊಟದ ತಟ್ಟೆಯಷ್ಟಗಲದ ದಿಕ್ಸೂಚಿ ಚಕ್ರ ಅಂಟಿಸಿದ್ದಾರೆ. ಚಕ್ರದ ಬಾಣ ಮೇಲಕ್ಕೆ, ಅದರ ತುದಿಯಲ್ಲಿ ‘ಉತ್ತರ’ ಅಂತ. ದಕ್ಷಿಣ ಧ್ರುವವೇ ನಡುವೆ ಇರೋ ನಕ್ಷೆಯಲ್ಲಿ ಅಲ್ಲಿಂದ ಯಾವ ಕಡೆ ಹೊರಟರೂ ಉತ್ತರವೇ. ಹೈಸ್ಕೂಲ್ ಭೂಗೋಳ ಓದಿದ ಒಬ್ಬರೂ ಇಲ್ಲವಾ ಆ ಅಂಗಡೀಲಿ?

ಇನ್ನು ‘1912’ರ ಕಥೆ. ಅಮುಂಡ್ಸೆನ್ 1911ರ ಡಿಸೆಂಬರ್ 14ಕ್ಕೆ ಧ್ರುವ ತಲುಪಿದ. ಸುದ್ದಿ ಹೊರಬಿದ್ದದ್ದು ಮುಂದಿನ ಮಾರ್ಚಿನಲ್ಲಿ, ಆಸ್ಟ್ರೇಲಿಯಾದ ಹೋಬಾರ್ಟ್‌ನಿಂದ. ಸರಿ, ಅವನ ದಾರಿ 1912ರ ನಕ್ಷೆಯಲ್ಲಿ ಇರಬಹುದು. ಆದರೆ ಸ್ಕಾಟ್? 1912ರ ಜನವರಿ 17ಕ್ಕೆ ಧ್ರುವ ಮುಟ್ಟಿ, ವಾಪಸು ಬರುವಾಗ ಐದೂ ಜನ ಸತ್ತರು. ಡೇರೆ ಸಿಕ್ಕಿದ್ದು ನವೆಂಬರಿನಲ್ಲಿ, ಜಗತ್ತಿಗೆ ತಿಳಿದದ್ದು 1913ರ ಫೆಬ್ರವರಿಯಲ್ಲಿ. ಅವನ ಕೊನೆಯ ಡೇರೆಯ ಗುರುತು 1912ರ ನಕ್ಷೆಗೆ ಹೇಗೆ ಬಂತು? ಅದೂ ಹೋಗಲಿ, ಧ್ರುವದ ಪಕ್ಕದಲ್ಲಿ ‘ಅಮುಂಡ್ಸೆನ್–ಸ್ಕಾಟ್ ನಿಲ್ದಾಣ’ ಅಂತ ಬೇರೆ ಬರೆದಿದ್ದಾರೆ. ಅಮೆರಿಕದವರು ಅದನ್ನು ಕಟ್ಟಲು ಶುರು ಮಾಡಿದ್ದೇ 1956ರಲ್ಲಿ!

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಸ್ಕಾಟ್‌ನ ಕಥೆ ಓದಿದವರಿಗೆ ‘ಒನ್ ಟನ್ ಡಿಪೋ’ ಗೊತ್ತಿರುತ್ತೆ. ಆಹಾರ, ಎಣ್ಣೆ ಕೂಡಿಟ್ಟ ಜಾಗ. 80 ಡಿಗ್ರಿ ಅಕ್ಷಾಂಶದಲ್ಲಿ ಇಡಬೇಕು ಅಂತ ಹೊರಟಿದ್ದರು, ಕುದುರೆಗಳು ಸೋತವು ಅಂತ 1911ರ ಫೆಬ್ರವರಿಯಲ್ಲಿ ಅದಕ್ಕಿಂತ ಉತ್ತರಕ್ಕೇ, 79 ಡಿಗ್ರಿ 29 ನಿಮಿಷದಲ್ಲಿ, ಇಳಿಸಿಬಿಟ್ಟರು. ಒಂದು ವರ್ಷದ ಮೇಲೆ ಐವರಲ್ಲಿ ಕೊನೆಗೆ ಉಳಿದಿದ್ದ ಸ್ಕಾಟ್, ವಿಲ್ಸನ್, ಬವರ್ಸ್ ಮೂವರೂ ಆ ಡಿಪೋಗೆ 11 ನಾಟಿಕಲ್ ಮೈಲಿ ಇರುವಾಗ ಹಿಮಗಾಳಿಗೆ ಸಿಕ್ಕಿ ಡೇರೆಯೊಳಗೇ ಪ್ರಾಣ ಬಿಟ್ಟರು. ಇಂಥ ನಕ್ಷೆ ತರಿಸೋದು ಆ ಎರಡು ಚುಕ್ಕೆಗಳ ನಡುವಿನ ಅಂತರವನ್ನು ಕಣ್ಣಾರೆ ನೋಡೋಕೆ. ನನ್ನ ನಕ್ಷೆಯಲ್ಲಿ ಆ ಡಿಪೋ ಮೇಲೇ ಸುಳ್ಳು ಮಡಿಕೆಯ ಗೆರೆ ಹಾದುಹೋಗಿದೆ, ಪಕ್ಕದಲ್ಲಿ ಡಿಕಾಕ್ಷನ್ ಕಲೆ. ಸ್ಕಾಟ್‌ನ ದಾರಿಯಲ್ಲಿದ್ದ ಬಿಯರ್ಡ್‌ಮೋರ್ ಹಿಮನದಿಯ ಹೆಸರಿದ್ದ ಕಡೆ ಅಕ್ಷರಗಳ ಥರ ಕಾಣುವ, ಆದರೆ ಯಾವ ಭಾಷೆಗೂ ಸೇರದ ಗೀಚು. ಎಲ್ಲಿಂದಲೋ ಚಿಕ್ಕ ಚಿತ್ರ ಎತ್ತಿಕೊಂಡು ಎಐಗೆ ಕೊಟ್ಟು ಹಿಗ್ಗಿಸಿದ್ದಾರೆ, ಸ್ಪಷ್ಟ. ಹಾಗೆ ಹಿಗ್ಗಿಸಿದ ಮೇಲೆ ‘ಇಂಚಿಗೆ ಇಷ್ಟು ಮೈಲಿ’ ಅನ್ನೋದು ಸುಳ್ಳಾಗುತ್ತೆ. ಅಳತೆಪಟ್ಟಿ ಇದ್ದಿದ್ದರೆ ನಕ್ಷೆ ಜೊತೆ ಅದೂ ಹಿಗ್ಗಿ ಲೆಕ್ಕ ಉಳೀತಿತ್ತು. ಅದನ್ನು ಕತ್ತರಿಸಿ ಎಸೆದಿದ್ದಾರೆ. ಅಚ್ಚು ಹಾಕಿದವರ ಹೆಸರು, ವರ್ಷ ಇದ್ದ ಕೆಳ ಅಂಚೂ ಅದರ ಜೊತೆಗೇ ಹೋಗಿದೆ.

ಫೋನ್ ಮಾಡಿದರೆ ಹುಡುಗ ಬಹಳ ವಿನಯ. “ಅದು ವಿಂಟೇಜ್ ಲುಕ್ ಸರ್, ಕಸ್ಟಮರ್ಸ್ ಅದನ್ನೇ ಕೇಳ್ತಾರೆ.” ಹೆಸರುಗಳು ಓದೋಕೆ ಆಗ್ತಿಲ್ಲಪ್ಪ ಅಂದೆ. “ಸ್ವಲ್ಪ ದೂರದಿಂದ ನೋಡಿ ಸರ್, ವಾಲ್ ಡೆಕೋರ್ ಅಲ್ವಾ.” ವಾಪಸ್ ತಗೊಳ್ಳಲ್ವಂತೆ. ಆರ್ಡರ್ ಬಂದ ಮೇಲೆ ಪ್ರಿಂಟ್ ಹಾಕಿದ್ದಂತೆ.

ಅಸಲಿ ನಕ್ಷೆ ಸಿಗಲ್ಲ ಅಂತಿದ್ದರೆ ಒಂದು ಮಾತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಲ್ಲಿ, ಡೇವಿಡ್ ರಮ್ಸಿ ಅನ್ನೋರ ಆನ್‌ಲೈನ್ ನಕ್ಷೆ ಸಂಗ್ರಹದಲ್ಲಿ ಹಳೇ ನಕ್ಷೆಗಳನ್ನು ಕೂದಲೆಳೆ ಕಾಣುವಷ್ಟು ಚೊಕ್ಕವಾಗಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ಡೌನ್‌ಲೋಡ್‌ಗೆ ಬಿಡಿಗಾಸೂ ಇಲ್ಲ. ಒಳ್ಳೆ ಮ್ಯಾಟ್ ಕಾಗದದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹಾಕಿಕೊಟ್ಟಿದ್ದರೆ ನಾನೇ ಇನ್ನೂ ಸಾವಿರ ಹೆಚ್ಚು ಕೊಡ್ತಿದ್ದೆ.

ತಪ್ಪಿರುವ ನಕ್ಷೆ ಬೇಡ ಅಂತಲೂ ಅಲ್ಲ. ಹಳೇ ತಪ್ಪುಗಳೇ ನನಗೆ ಇಷ್ಟ. 1906ರಲ್ಲಿ ಆರ್ಕ್‌ಟಿಕ್‌ನಲ್ಲಿ ಅಮೆರಿಕದ ಅನ್ವೇಷಕ ಪಿಯರಿ ದೂರದಿಂದ ಕಂಡೆ ಅಂದ ಕ್ರಾಕರ್ ಲ್ಯಾಂಡ್ ಅನ್ನೋ ನೆಲ ಹುಡುಕ್ಕೊಂಡು 1914ರಲ್ಲಿ ಮೆಕ್‌ಮಿಲನ್ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಹೋದಾಗ ಸಿಕ್ಕಿದ್ದು ಬರೀ ಮರೀಚಿಕೆ. 1595ರಲ್ಲಿ ಅಚ್ಚಾದ, ನಕ್ಷೆಗಾರ ಮರ್ಕೇಟರ್‌ನ ನಕ್ಷೆಯಲ್ಲಂತೂ ಉತ್ತರ ಧ್ರುವದಲ್ಲಿ ಒಂದು ಕಪ್ಪು ಬಂಡೆ, ಅದರ ಸುತ್ತ ನಾಲ್ಕು ದೊಡ್ಡ ದ್ವೀಪ. ಯಾವುದೂ ಇಲ್ಲ, ಆದರೆ ಆ ಕಾಲದವರು ಹಾಗಂತ ನಂಬಿದ್ದರು.

ಮೊನ್ನೆ ಅದೇ ಅಂಗಡಿಯಿಂದ ಸಮಾಧಾನಕ್ಕೆ ಅಂತ ಕೂಪನ್ ಬಂತು. ಹತ್ತು ಪರ್ಸೆಂಟ್ ಕಡಿತ, ಆರ್ಕ್‌ಟಿಕ್ ನಕ್ಷೆಗೆ. ತೆಗೆದು ನೋಡಿದರೆ ಅದೇ ಮರ್ಕೇಟರ್, ಅದೇ ನಾಲ್ಕು ದ್ವೀಪ, ಆ ದ್ವೀಪಗಳ ಮೇಲೆ ಕೆಂಪು ಚುಕ್ಕೆ ಗೆರೆಯಲ್ಲಿ ಪಿಯರಿ 1909ರಲ್ಲಿ ನಡೆದ ದಾರಿ. ಇಲ್ಲದ ನೆಲದ ಮೇಲೆ, ಮುನ್ನೂರು ವರ್ಷ ಮೊದಲೇ, ಆ ಮನುಷ್ಯನನ್ನು ನಡೆಸಿಬಿಟ್ಟಿದ್ದಾರೆ. ಕೆಳಗೆ ಶರಾ: ‘ಮೂಲದಲ್ಲಿದ್ದಂತೆಯೇ’.