ಸತ್ತಿದೆಯೋ, ಸುಮ್ಮನಿದೆಯೋ?

"ಎರಡು ಸರ್ವರ್ ತಗೊಂಡಿದ್ದೀವಿ, ಕ್ಲಸ್ಟರ್ ಮಾಡಿಕೊಡಿ. ಒಂದು ಹೋದರೆ ಇನ್ನೊಂದು ಇರುತ್ತೆ, ಅಲ್ವಾ?"

ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಮಾತು ಕೇಳುತ್ತೇನೆ. ನನ್ನ ಉತ್ತರ ಪ್ರತಿ ಸಲವೂ ಒಂದೇ: ಹಾಗೆ ಮಾಡುವುದಾದರೆ ಎರಡಕ್ಕಿಂತ ಒಂದೇ ವಾಸಿ. ಕೇಳಿದವರು ನಗುತ್ತಾರೆ. ನಾನು ತಮಾಷೆಗೆ ಹೇಳುವುದಿಲ್ಲ.

ಇದನ್ನು ಕಲಿತಿದ್ದು ಕೈ ಸುಟ್ಟುಕೊಂಡೇ. ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ಕಡೆ ಎರಡು ಸರ್ವರ್‌ಗಳ ಕ್ಲಸ್ಟರ್, ಅಂದರೆ ಒಂದೇ ತಂಡದ ಹಾಗೆ ಕೆಲಸ ಮಾಡುವ ಜೋಡಿ, ಕಟ್ಟಿದ್ದೆವು. ವರ್ಚುವಲ್ ಮಷೀನ್‌ಗಳ (ವಿಎಂ, ಅಂದರೆ ಸರ್ವರ್‌ನೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್‌ಗಳು) ಡಿಸ್ಕ್‌ಗಳೆಲ್ಲ ಒಂದೇ ಸ್ಟೋರೇಜ್‌ನಲ್ಲಿ, ಎರಡೂ ಸರ್ವರ್‌ಗೆ ಸಿಗುವ ಹಾಗೆ. ಸರ್ವರ್‌ಗಳು ಒಂದಕ್ಕೊಂದು "ನಾನಿದ್ದೀನಿ, ನಾನಿದ್ದೀನಿ" ಅಂತ ಹೇಳಿಕೊಳ್ಳೋದಕ್ಕೆ ನಡುವೆ ಒಂದು ನೇರ ಕೇಬಲ್. ಒಂದು ದಿನ ಆ ಕೇಬಲ್ ಸಡಿಲವಾಯಿತು. ಅಷ್ಟೇ ಆಗಿದ್ದು. ಎರಡೂ ಸರ್ವರ್ ಗಟ್ಟಿಮುಟ್ಟಾಗಿದ್ದವು, ಸ್ಟೋರೇಜ್ ಕೂಡ ಸರಿಯಾಗಿತ್ತು.

ಆದರೆ ಎರಡನೇ ಸರ್ವರ್‌ಗೆ ಮೊದಲನೆಯದರ ಸದ್ದು ಕೇಳಲಿಲ್ಲ. ಅದು ಸತ್ತೇಹೋಯಿತು ಅಂದುಕೊಂಡು, ಅದರ ಮೇಲಿದ್ದ ವಿಎಂಗಳನ್ನೆಲ್ಲ ತಾನು ಶುರು ಮಾಡಿತು. ಮೊದಲನೆಯದು ಇನ್ನೂ ಓಡಿಸುತ್ತಲೇ ಇತ್ತು. ಒಂದೇ ಡಿಸ್ಕಿಗೆ ಎರಡು ಕಡೆಯಿಂದ ಬರೆಯಲು ಶುರುವಾಯಿತು. ಒಂದು ಒರೆಯಲ್ಲಿ ಎರಡು ಕತ್ತಿ! ಯಾರಾದರೂ ಗಮನಿಸುವ ಹೊತ್ತಿಗೆ ಫೈಲ್ ಸಿಸ್ಟಮ್ ಚಿಂದಿಯಾಗಿತ್ತು. ಒಂದೇ ಸರ್ವರ್ ಇದ್ದಿದ್ದರೆ, ಅದು ಕೆಟ್ಟರೂ ಡೇಟಾ ಹಾಳಾಗದೆ ಉಳಿಯುತ್ತಿತ್ತು.

ಇದಕ್ಕೆ ಸ್ಪ್ಲಿಟ್ ಬ್ರೈನ್ ಅಂತ ಹೆಸರು. ಹೈ ಅವೈಲಬಿಲಿಟಿ (ಎಚ್‌ಎ, ಒಂದು ಕೆಟ್ಟರೂ ಸೇವೆ ನಿಲ್ಲದ ಹಾಗೆ ನೋಡಿಕೊಳ್ಳೋದು) ಅಂದರೆ ಮಷೀನ್ ಜಾಸ್ತಿ ಇಡೋದು ಅಂತ ಎಲ್ಲರೂ ತಿಳಿದಿರುತ್ತಾರೆ. ಕಷ್ಟ ಅಲ್ಲಿಲ್ಲ. ಮಾತು ನಿಲ್ಲಿಸಿದ ಸರ್ವರ್ ನಿಜವಾಗಿ ಸತ್ತಿದೆಯೋ, ಇಲ್ಲಾ ಸುಮ್ಮನಿದೆಯೋ ಅಂತ ತಿಳಿಯುವುದು ಕಷ್ಟ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಅದಕ್ಕೇ ಕೋರಂ ಬೇಕು. ಸಂಘದ ಮೀಟಿಂಗ್‌ಗೆ ಬೇಕಲ್ಲ, ಅದೇ ಕೋರಂ. ಅರ್ಧಕ್ಕಿಂತ ಹೆಚ್ಚು ನೋಡ್‌ಗಳು (ಕ್ಲಸ್ಟರ್‌ನ ಸರ್ವರ್‌ಗಳು) ಒಟ್ಟಿಗಿದ್ದರೆ ಮಾತ್ರ ತೀರ್ಮಾನ ತಗೊಳ್ಳಬಹುದು. ಮೂರು ಇದ್ದರೆ ಎರಡು ಸಾಕು. ಎರಡೇ ಇದ್ದರೆ ಎರಡೂ ಬೇಕು, ಅಂದರೆ ಒಂದು ಹೋದ ತಕ್ಷಣ ಇನ್ನೊಂದೂ ಕೈಕಟ್ಟಿ ಕೂರುತ್ತದೆ. ಆ ಕಿರಿಕಿರಿ ತಪ್ಪಿಸಲು ನೋಡ್‌ಗಳು ಒಂದಕ್ಕೊಂದು ಮಾತಾಡಿಕೊಳ್ಳಲು ಬಳಸುವ ಕೋರೋಸಿಂಕ್ ಸಾಫ್ಟ್‌ವೇರ್‌ನಲ್ಲಿ ಒಂದೇ ವೋಟ್ ಸಾಕು ಅಂತ ಸೆಟ್ಟಿಂಗ್ ಬರೆಯುತ್ತಾರೆ. ನಾವೂ ಅದನ್ನೇ ಮಾಡಿದ್ದೆವು. ಇನ್ನೊಂದು ಮಜಾ ಅಂದರೆ, ನಾಲ್ಕು ನೋಡ್‌ಗೆ ಮೂರು ವೋಟ್ ಬೇಕು. ಹಾಗಾಗಿ ನಾಲ್ಕಿದ್ದರೂ ಒಂದು ಹೋಗಬಹುದು ಅಷ್ಟೇ, ಮೂರಿದ್ದಾಗ ಹೇಗೋ ಹಾಗೇ. ಮೂರನೇ ಸರ್ವರ್‌ಗೆ ದುಡ್ಡಿಲ್ಲವೇ? ವಿಎಂಗಳನ್ನು ಓಡಿಸುವ ಪ್ರಾಕ್ಸ್‌ಮಾಕ್ಸ್ ಸಾಫ್ಟ್‌ವೇರ್‌ನಲ್ಲಿ ಕ್ಯೂಡಿವೈಸ್ ಅಂತ ಇದೆ. ಯಾವುದಾದರೂ ಚಿಕ್ಕ ಲಿನಕ್ಸ್ ಮಷೀನ್ ಮೂರನೇ ವೋಟ್ ಹಾಕಬಹುದು. ಆದರೆ ಅದನ್ನು ಅದೇ ಕ್ಲಸ್ಟರ್‌ನ ಒಳಗೆ ವಿಎಂ ಮಾಡಿ ಇಡಬೇಡಿ. ಇಟ್ಟವರನ್ನು ನೋಡಿದ್ದೇನೆ.

ಕೋರಂ ಇದ್ದರೂ ಮುಗಿಯಲಿಲ್ಲ. ಸುಮ್ಮನಾದ ಸರ್ವರ್ ಯಾವಾಗ ಬೇಕಾದರೂ ಎದ್ದು ಬರೆಯಬಹುದು. ಹಾಗಾಗಿ ಅದು ಸತ್ತಿದೆ ಅಂತ ಊಹಿಸುವ ಬದಲು, ಖಚಿತವಾಗಿ ಸಾಯಿಸಿಬಿಡುವುದು. ಇದೇ ಫೆನ್ಸಿಂಗ್. ಲಿನಕ್ಸ್ ಲೋಕದಲ್ಲಿ ಇದಕ್ಕೆ ಸ್ಟೋನಿತ್ ಅಂತಾರೆ, ಬಿಡಿಸಿದರೆ "ಪಕ್ಕದ ನೋಡಿನ ತಲೆಗೆ ಗುಂಡು ಹೊಡಿ" ಅಂತ ಅರ್ಥ ಬರುತ್ತದೆ! ಪವರ್ ಕಂಟ್ರೋಲರ್ ಮೂಲಕ ಆಫ್ ಮಾಡಬಹುದು. ಪ್ರಾಕ್ಸ್‌ಮಾಕ್ಸ್‌ನಲ್ಲಿ ವಾಚ್‌ಡಾಗ್ ಅನ್ನುವ ಕಾವಲು ಟೈಮರ್ ಈ ಕೆಲಸ ಮಾಡುತ್ತದೆ: ಕೋರಂ ಕಳೆದುಕೊಂಡ ನೋಡ್ 60 ಸೆಕೆಂಡ್ ನೋಡಿ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ. ಆಮೇಲೆಯೇ ಉಳಿದವು ಅದರ ವಿಎಂಗಳನ್ನು ಎತ್ತಿಕೊಳ್ಳುತ್ತವೆ. ಇಷ್ಟು ಮುಖ್ಯವಾದ ಫೆನ್ಸಿಂಗನ್ನೇ ಜನ "ಟೆಸ್ಟ್ ಮಾಡುವಾಗ ತೊಂದರೆ ಕೊಡುತ್ತೆ" ಅಂತ ಆಫ್ ಮಾಡಿ, ಮತ್ತೆ ಆನ್ ಮಾಡುವುದನ್ನೇ ಮರೆಯುತ್ತಾರೆ.

ದೊಡ್ಡವರೂ ಇಂಥದ್ದರಲ್ಲಿ ಸಿಕ್ಕಿಬಿದ್ದಿದ್ದಾರೆ. 2018ರ ಅಕ್ಟೋಬರ್ 21ರಂದು ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ಹಬ್‌ನ ಎರಡು ಜಾಗಗಳ ನಡುವೆ ನೆಟ್‌ವರ್ಕ್ ಕಡಿದುಹೋಗಿದ್ದು ಬರೀ 43 ಸೆಕೆಂಡ್. ಅಷ್ಟರಲ್ಲಿ ಅವರ ಡೇಟಾಬೇಸ್ ಕ್ಲಸ್ಟರ್ ಅಮೆರಿಕದ ಇನ್ನೊಂದು ತುದಿಯಲ್ಲಿ ಬರಹ ತೆಗೆದುಕೊಳ್ಳುವ ಹೊಸ ಯಜಮಾನ ಸರ್ವರನ್ನು ಆರಿಸಿಕೊಂಡಿತು. ಎರಡೂ ಕಡೆ ಬೇರೆ ಬೇರೆ ಬರಹ ಉಳಿಯಿತು. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಅದು ವಿಎಂ ಅಲ್ಲ, ಡೇಟಾಬೇಸ್. ಆದರೆ ರೋಗ ಅದೇ.

ಇನ್ನು "ಐದು ಒಂಬತ್ತು" ಬೇಕು ಅನ್ನುವವರ ಲೆಕ್ಕ. ಸೇವೆ 99.999 ಶೇಕಡಾ ಹೊತ್ತು ಇರಬೇಕು ಅಂದರೆ ವರ್ಷಕ್ಕೆ ಐದೂ ಕಾಲು ನಿಮಿಷ ಮಾತ್ರ ನಿಲ್ಲಬಹುದು. ಸರ್ವರ್ ಸತ್ತಿದ್ದು ಗೊತ್ತಾಗಿ, ಇನ್ನೊಂದರಲ್ಲಿ ವಿಎಂ ಶುರುವಾಗಲು ಪ್ರಾಕ್ಸ್‌ಮಾಕ್ಸ್‌ನಲ್ಲಿ ಸುಮಾರು ಎರಡು ನಿಮಿಷ. ಅದರ ಮೇಲೆ ಒಳಗಿನ ಓಎಸ್ ಬೂಟ್ ಆಗಬೇಕು. ವರ್ಷದಲ್ಲಿ ಎರಡು ಸಲ ಹೀಗಾದರೆ ಲೆಕ್ಕ ಮುಗಿಯಿತು. ಲೈವ್ ಮೈಗ್ರೇಷನ್ (ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಇನ್ನೊಂದು ಸರ್ವರ್‌ಗೆ ಸಾಗಿಸುವುದು) ಡೆಮೊದಲ್ಲಿ ಒಂದು ಪಿಂಗ್ ಕೂಡ ತಪ್ಪದೆ ವಿಎಂ ಹಾರಿದ್ದು ನೋಡಿ, ಸರ್ವರ್ ಸತ್ತಾಗಲೂ ಹಾಗೇ ಆಗುತ್ತೆ ಅಂದುಕೊಳ್ಳುತ್ತಾರೆ. ಮೈಗ್ರೇಷನ್‌ಗೆ ಎರಡೂ ಸರ್ವರ್ ಬದುಕಿರಬೇಕು ಸ್ವಾಮಿ. ಸತ್ತ ಸರ್ವರ್‌ನ ಮೆಮೊರಿಯಲ್ಲಿದ್ದದ್ದು ಅದರ ಜೊತೆಗೇ ಹೋಗುತ್ತದೆ.

ಮೆಮೊರಿ ಅಂದಾಗ ನೆನಪಾಯಿತು. ಮೂರು ಸರ್ವರ್‌ನಲ್ಲೂ 80 ಶೇಕಡಾ ರ‍್ಯಾಮ್ ತುಂಬಿಸಿಟ್ಟು "ಎಚ್‌ಎ ಇದೆ" ಅನ್ನುವವರು ಸಿಗುತ್ತಾರೆ. ಒಂದು ಬಿದ್ದರೆ ಉಳಿದ ಎರಡಕ್ಕೆ ತಲಾ 120 ಶೇಕಡಾ. ಎಲ್ಲಿಂದ ತರುತ್ತೀರಿ? ಮೂರಕ್ಕೂ ಒಂದೇ ಸ್ವಿಚ್, ಒಂದೇ ಯುಪಿಎಸ್ ಇದ್ದರೆ ಕಥೆ ಕೇಳುವುದೇ ಬೇಡ. ಆ "ನಾನಿದ್ದೀನಿ" ಸದ್ದಿಗೆ, ಅಂದರೆ ಹಾರ್ಟ್‌ಬೀಟ್‌ಗೆ, ಬೇರೆ ನೆಟ್‌ವರ್ಕ್ ಕೊಡಿ. ಕೋರೋಸಿಂಕ್‌ಗೆ 5 ಮಿಲಿಸೆಕೆಂಡ್‌ಗಿಂತ ಕಡಿಮೆ ತಡ ಇರಬೇಕು. ರಾತ್ರಿ ಬ್ಯಾಕಪ್ ಅದೇ ತಂತಿಯಲ್ಲಿ ನುಗ್ಗಿದರೆ, ಚೆನ್ನಾಗಿರುವ ನೋಡ್‌ಗಳೇ ತಮ್ಮನ್ನು ತಾವು ರೀಬೂಟ್ ಮಾಡಿಕೊಳ್ಳುತ್ತವೆ. ಬೆಳಗ್ಗೆ ನೋಡಿದರೆ ಎಲ್ಲ ಸರಿ ಇರುತ್ತದೆ, ಕಾರಣ ಮಾತ್ರ ಸಿಗುವುದಿಲ್ಲ. ಅಂದಹಾಗೆ ಬ್ಯಾಕಪ್ ಬೇರೆ, ಎಚ್‌ಎ ಬೇರೆ. ಸ್ಟೋರೇಜ್ ಮೂರು ಪ್ರತಿ ಇಟ್ಟಿದ್ದರೂ, ತಪ್ಪಿ ಅಳಿಸಿದ ಫೈಲ್ ಮೂರರಿಂದಲೂ ಒಂದೇ ಸಲ ಅಳಿಸಿಹೋಗುತ್ತದೆ.

ಈಗ ನಾನು ಕಟ್ಟಿದ ಯಾವ ಕ್ಲಸ್ಟರನ್ನೂ ಕೇಬಲ್ ಕಿತ್ತು ನೋಡದೆ ಒಪ್ಪಿಸುವುದಿಲ್ಲ. ಮೆನುವಿನಲ್ಲಿ ಶಟ್‌ಡೌನ್ ಒತ್ತುವುದು ಟೆಸ್ಟ್ ಅಲ್ಲ, ಅದು ಬೀಳ್ಕೊಡುಗೆ. ಓಡುತ್ತಿರುವಾಗ ಪವರ್ ಕೀಳಬೇಕು. ಆಮೇಲೆ ನೆಟ್‌ವರ್ಕ್ ಮಾತ್ರ ಕೀಳಬೇಕು. ಕೊನೆಗೆ ಎಲ್ಲವನ್ನೂ ಒಟ್ಟಿಗೆ.

ಹೋದ ಸಲ ಆ ಕೊನೆಯದರಲ್ಲಿ ಸಿಕ್ಕಿಬಿದ್ದೆ. ಮೂರೂ ಸರ್ವರ್ ಎದ್ದವು, ಕೋರಂ ಬಂತು, ಆದರೆ ಒಂದು ವಿಎಂ ಕೂಡ ಏಳಲಿಲ್ಲ. ಸ್ಟೋರೇಜನ್ನು ಐಪಿ (ನೆಟ್‌ವರ್ಕ್ ವಿಳಾಸದ ಸಂಖ್ಯೆ) ಬದಲು ಹೆಸರಿನಿಂದ ಜೋಡಿಸಿದ್ದೆ. ಆ ಹೆಸರಿನ ಐಪಿ ಯಾವುದು ಅಂತ ಹೇಳುವ ಡಿಎನ್‌ಎಸ್ ಸರ್ವರ್ ಒಂದು ವಿಎಂ. ಅದರ ಡಿಸ್ಕ್ ಇದ್ದದ್ದು ಅದೇ ಸ್ಟೋರೇಜ್‌ನಲ್ಲಿ. ಬೀಗದಕೈ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ. ಅವತ್ತು ಎಲ್ಲ ಐಪಿಗಳನ್ನೂ ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ರ‍್ಯಾಕ್ ಬಾಗಿಲಿಗೆ ಅಂಟಿಸಿದೆ. ಈಗಲೂ ಅಲ್ಲೇ ಇದೆ.